ಮೂರೇ ಬೆರಳಲ್ಲಿ ಇಷ್ಟೆಲ್ಲಾನಾ? ಬ್ಯಾಂಜೋ ವಾದಕ ಅರ್ಲ್ ಸ್ಕ್ರಗ್ಸ್ ಬಗ್ಗೆ ಗೊತ್ತಿರೋರು ಬನ್ನಿ

ಸಂಜೆರಾಗ (ಮೈಸೂರು), ಶನಿವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಿನ್ನೆ ನಿದ್ದೆ ಬರದೆ 1967ರ 'ಬಾನಿ ಅಂಡ್ ಕ್ಲೈಡ್' ಸಿನಿಮಾ ಹಾಕಿಕೊಂಡು ಕೂತೆ. ಬ್ಯಾಂಕ್ ದೋಚಿದವರು ಕಾರಿನಲ್ಲಿ ಓಡುವಾಗ ಹಿನ್ನೆಲೆಯಲ್ಲಿ ಒಂದು ತಂತಿವಾದ್ಯ ಬರುತ್ತದೆ. ಕಾರಿಗಿಂತ ಅದೇ ಜೋರಾಗಿ ಓಡುತ್ತಿತ್ತು. ಸಿನಿಮಾ ಬಿಟ್ಟು ಆ ತುಣುಕನ್ನೇ ಹಿಂದೆ ಎಳೆದು ಎಳೆದು ಕೇಳಿದೆ. ಹುಡುಕಿದಾಗ ಸಿಕ್ಕಿದ್ದು ಇಷ್ಟು: 'ಫಾಗಿ ಮೌಂಟನ್ ಬ್ರೇಕ್‌ಡೌನ್', ನುಡಿಸಿದವರು ಅರ್ಲ್ ಸ್ಕ್ರಗ್ಸ್, ವಾದ್ಯ ಬ್ಯಾಂಜೋ, ಶೈಲಿ ಬ್ಲೂಗ್ರಾಸ್ (ಅಮೆರಿಕದ ಹಳ್ಳಿಗಾಡಿನ ತಂತಿವಾದ್ಯಗಳ ಸಂಗೀತ).

ನಾನು ಎಂಟು ವರ್ಷ ವೀಣೆ ಕಲಿತವನು. ಈಗ ವೀಣೆ ಗೋಡೆಗೆ ಒರಗಿಕೊಂಡಿದೆ, ನಾನು ಸೋಫಾಕ್ಕೆ. ಆದರೂ ಕಿವಿ ಸತ್ತಿಲ್ಲ. ಒಬ್ಬನೇ ಮನುಷ್ಯ ಅದನ್ನು ಮೀಟುತ್ತಿದ್ದಾನೆ ಅಂದರೆ ನಂಬೋಕೆ ಆಗಲಿಲ್ಲ. ಯಾರು ಈ ಪುಣ್ಯಾತ್ಮ? ಎಲ್ಲಿ ಕಲಿತರು? ಗೊತ್ತಿದ್ದವರು ಸ್ವಲ್ಪ ವಿಸ್ತಾರವಾಗಿ ಹೇಳಿ.

ಬೆಳಗಾವಿ_ಬೆಂಜೋ, ಶನಿವಾರ ರಾತ್ರಿ 10:52

ಬ್ಯಾಂಜೋ ಅಂದ ಕೂಡಲೇ ಓಡಿ ಬಂದೆ. ನಮ್ಮ ಕಡೆ ಗಣಪತಿ ಮೆರವಣಿಗೆಯಲ್ಲಿ ಬೆಂಜೋ ಇಲ್ಲದಿದ್ದರೆ ಮಂದಿ ಹೆಜ್ಜೆ ಹಾಕೋದಿಲ್ಲರೀ. ಟೈಪ್‌ರೈಟರ್ ಥರ ಗುಂಡಿ ಒತ್ತಿ ನುಡಿಸುತ್ತಾರಲ್ಲ, ಅದೇ ತಾನೇ?

ಹಳೇಟೇಪು, ಶನಿವಾರ ರಾತ್ರಿ 11:15

ಅದಲ್ಲ ಮಾರಾಯ. ಮೆರವಣಿಗೆಯದು ಬುಲ್‌ಬುಲ್ ತರಂಗ್. ನಮ್ಮಲ್ಲಿ ಅದಕ್ಕೆ ಬ್ಯಾಂಜೋ ಅನ್ನುವ ಹೆಸರು ಅಂಟಿಕೊಂಡಿದೆ ಅಷ್ಟೇ. ಅಮೆರಿಕದ ಬ್ಯಾಂಜೋ ಬೇರೆ. ದಮ್ಮಡಿಗೆ ಉದ್ದ ಕತ್ತು ಸೇರಿಸಿ ತಂತಿ ಕಟ್ಟಿದರೆ ಹೇಗಿರುತ್ತದೋ ಹಾಗೆ. ಆಫ್ರಿಕಾದಿಂದ ಗುಲಾಮರಾಗಿ ಹೋದ ಜನ ಸೋರೆ ಬುರುಡೆಗೆ ಚರ್ಮ ಬಿಗಿದು ಮಾಡಿಕೊಂಡ ವಾದ್ಯ ಅದರ ಮೂಲ. ಆಮೇಲೆ ಬಿಳಿಯರು ಅದನ್ನು ನಗೆನಾಟಕದಲ್ಲಿ ಬಳಸಿ ಬಳಸಿ ಕೋಡಂಗಿಯ ವಾದ್ಯ ಮಾಡಿಬಿಟ್ಟರು. ಸ್ಕ್ರಗ್ಸ್ ಬರುವ ಹೊತ್ತಿಗೂ ಬ್ಯಾಂಜೋ ಹಿಡಿದವನು ಜೋಕ್ ಹೊಡೆಯಬೇಕು ಅನ್ನುವುದೇ ರೂಢಿಯಾಗಿತ್ತು.

ಸಂಜೆರಾಗ ಅವರೇ, ನಿಮ್ಮ ಪ್ರಶ್ನೆಗೆ ಬರ್ತೀನಿ. ಇವತ್ತು ಕಣ್ಣು ಎಳೀತಿದೆ, ಬಾಲ್ಯದ ಕಥೆ ಮಾತ್ರ ಹೇಳಿ ಮಲಗ್ತೀನಿ.

ಹುಟ್ಟಿದ್ದು 1924ರ ಜನವರಿ 6, ನಾರ್ತ್ ಕೆರೊಲಿನಾದ ಕ್ಲೀವ್‌ಲ್ಯಾಂಡ್ ಕೌಂಟಿಯ ಫ್ಲಿಂಟ್ ಹಿಲ್ ಎಂಬ ಹಳ್ಳಿ. ಹತ್ತಿರದ ಪಟ್ಟಣ ಶೆಲ್ಬಿ. ಅಪ್ಪ ರೈತ, ಲೆಕ್ಕ ಬರೆಯುವ ಕೆಲಸವನ್ನೂ ಮಾಡುತ್ತಿದ್ದರು, ಬ್ಯಾಂಜೋ ನುಡಿಸುತ್ತಿದ್ದರು. ಹುಡುಗನಿಗೆ ನಾಲ್ಕು ವರ್ಷ ಇದ್ದಾಗ ತೀರಿಕೊಂಡರು. ಮನೆಯಲ್ಲಿ ಬ್ಯಾಂಜೋ ಇತ್ತು, ಆದರೆ ಮಗುವಿಗೆ ಅದನ್ನು ಎತ್ತೋಕೇ ಆಗುತ್ತಿರಲಿಲ್ಲ. ಅದಕ್ಕೆ ನೆಲದ ಮೇಲೆ ಕೂತು, ವಾದ್ಯದ ಹೊಟ್ಟೆಯನ್ನು ಪಕ್ಕದಲ್ಲಿ ನೆಲಕ್ಕೇ ಇಟ್ಟು ಮೀಟುತ್ತಿದ್ದ. ಮೇಲಿನ ಸ್ವರ ಬೇಕಾದರೆ ಕೈ ಸರಿಸುವ ಬದಲು ಬ್ಯಾಂಜೋವನ್ನೇ ನೆಲದ ಮೇಲೆ ಆಚೆ ಈಚೆ ಜಾರಿಸುತ್ತಿದ್ದ.

ಹತ್ತು ವರ್ಷ ಇದ್ದಾಗ ಅಣ್ಣ ಹೊರೇಸ್ ಜೊತೆ ಜಗಳ. ಮುಖ ಊದಿಸಿಕೊಂಡು ರೂಮಿಗೆ ಹೋಗಿ ಬ್ಯಾಂಜೋ ಹಿಡಿದು ಕೂತ. ಮನಸ್ಸು ಎಲ್ಲೋ ಇತ್ತು, ಕೈ 'ರೂಬೆನ್' ಅನ್ನುವ ಹಳೇ ಹಾಡನ್ನು ಮೀಟುತ್ತಿತ್ತು. ಇದ್ದಕ್ಕಿದ್ದಂತೆ ನೋಡಿಕೊಂಡರೆ ಎರಡಲ್ಲ, ಮೂರು ಬೆರಳು ಆಡುತ್ತಿವೆ! 'ಸಿಕ್ತು, ಸಿಕ್ತು' ಅಂತ ಕೂಗುತ್ತಾ ಹೊರಗೆ ಓಡಿಬಂದನಂತೆ. ಜಗಳ ಯಾವುದಕ್ಕೆ ಆಗಿತ್ತು ಅಂತ ಯಾರಿಗೂ ನೆನಪಿಲ್ಲ.

ಲಯಪ್ರಿಯ, ಭಾನುವಾರ ಬೆಳಗ್ಗೆ 7:05

ಹಳೇಟೇಪು ಸರ್, ಈ 'ಸಿಕ್ತು' ಕಥೆ ಚೆನ್ನಾಗಿದೆ. ಆದರೆ ಮೂರು ಬೆರಳಿನ ಪದ್ಧತಿ ಅವರೇ ಕಂಡುಹಿಡಿದದ್ದು ಅಂತ ಕೆಲವರು ಬರೆಯುತ್ತಾರೆ, ಅದು ತಪ್ಪು ಅಲ್ವಾ?

ಹಳೇಟೇಪು, ಭಾನುವಾರ ಬೆಳಗ್ಗೆ 9:30

ತಪ್ಪೇ. ಸ್ಕ್ರಗ್ಸ್ ಕೂಡ ಎಂದೂ ಹಾಗೆ ಹೇಳಿಕೊಳ್ಳಲಿಲ್ಲ. ಆ ಸುತ್ತಮುತ್ತಲೇ ಸ್ಮಿತ್ ಹ್ಯಾಮೆಟ್, ಸ್ನಫಿ ಜೆಂಕಿನ್ಸ್ ಇಂಥವರು ಮೂರು ಬೆರಳಲ್ಲಿ ನುಡಿಸುತ್ತಿದ್ದರು. ಮ್ಯಾಕ್ ವುಲ್‌ಬ್ರೈಟ್ ಅನ್ನುವ ಕುರುಡ ವಾದಕರನ್ನು ಅರ್ಲ್ ಚಿಕ್ಕಂದಿನಲ್ಲೇ ಕೇಳಿದ್ದರು. ಇದು ಒಂದು ಸೀಮೆಯ ಬಾನಿ. ನಮ್ಮಲ್ಲಿ ಮೈಸೂರು ವೀಣೆ, ತಂಜಾವೂರು ವೀಣೆ ಅಂತ ಇಲ್ಲವೇ, ಹಾಗೆ.

ಹಾಗಾದರೆ ಇವರು ಮಾಡಿದ್ದೇನು? ನನ್ನ ಪ್ರಕಾರ ಉತ್ತರ ಅವರ ಅಮ್ಮನ ಒಂದು ಮಾತಿನಲ್ಲಿದೆ. ನುಡಿಸುವುದಾದರೆ ಹಾಡು ಅಂತ ಗೊತ್ತಾಗುವಂಥದ್ದು ಏನಾದರೂ ನುಡಿಸಪ್ಪಾ ಅಂದಿದ್ದರಂತೆ. ಬೆರಳು ಮೂರು ಓಡುತ್ತಿದ್ದರೂ ಹಾಡಿನ ಸ್ವರ ಮಾತ್ರ ಎದ್ದು ಕೇಳಬೇಕು, ಉಳಿದದ್ದು ಅದರ ಸುತ್ತ ತುಂಬಿಕೊಳ್ಳಬೇಕು. ಬೇರೆಯವರ ಕೈಯಲ್ಲಿ ಟಿಣಿಟಿಣಿ ಆಗಿದ್ದದ್ದು ಇವರ ಕೈಯಲ್ಲಿ ಹಾಡಾಯಿತು. ವೇಗ ಆಮೇಲಿನ ಮಾತು.

ಇನ್ನೊಂದು, ಲಯ. ಅರ್ಲ್ ಮತ್ತು ಹೊರೇಸ್ ಒಂದು ಆಟ ಆಡುತ್ತಿದ್ದರು. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಂತು ಒಂದೇ ಹಾಡು ಶುರು ಮಾಡುವುದು. ನುಡಿಸುತ್ತಲೇ ಮನೆಯ ಸುತ್ತ ಒಬ್ಬ ಈ ಕಡೆ, ಒಬ್ಬ ಆ ಕಡೆ ನಡೆಯುವುದು. ಹಿಂದುಗಡೆ ಸಿಕ್ಕಾಗ ಇಬ್ಬರೂ ಹಾಡಿನ ಅದೇ ಜಾಗದಲ್ಲಿ ಇರಬೇಕು. ಇಲ್ಲದಿದ್ದರೆ ಮತ್ತೆ ಮೊದಲಿಂದ. ಮೆಟ್ರೊನೋಮ್ ಬೇರೆ ಬೇಕೇ?

ಲಯಪ್ರಿಯ, ಭಾನುವಾರ ಬೆಳಗ್ಗೆ 10:12

ಆಹಾ, ಇದು ನನ್ನ ಏರಿಯಾ. ನಾನು ಮೃದಂಗ ಕಲಿಯುತ್ತಿರುವವನು. ಆ ಓಟದ ಗುಟ್ಟು ನನಗೆ ಹೀಗೆ ಕಂಡಿತು. ಹೆಬ್ಬೆರಳಿಗೊಂದು ಪ್ಲಾಸ್ಟಿಕ್ ಉಗುರು, ತೋರುಬೆರಳು ನಡುಬೆರಳಿಗೆ ಲೋಹದ ಉಗುರು. ಒಂದು ಸುತ್ತಿಗೆ ಎಂಟು ಮೀಟು. ಬೆರಳು ಮೂರು, ಮೀಟು ಎಂಟು, ಸಮ ಹಂಚಿಕೆ ಆಗುವುದಿಲ್ಲ. ಆದ್ದರಿಂದ 3+3+2. ತಕಿಟ ತಕಿಟ ತಕ! ಬಾಸ್ ಮತ್ತು ಗಿಟಾರ್ ಕೆಳಗೆ ಸೀದಾ ಒಂದು-ಎರಡು, ಒಂದು-ಎರಡು ಅಂತ ಹೋಗುತ್ತವೆ, ಮೇಲೆ ಇದು ಮೂರು ಮೂರಾಗಿ ಉರುಳುತ್ತದೆ. ಎರಡೂ ಒಂದಕ್ಕೊಂದು ತಿಕ್ಕಿದಾಗ ಬರುವ ಕಾವೇ ಆ ಓಟ. ಅವರು ಅದಕ್ಕೆ ರೋಲ್ ಅನ್ನುತ್ತಾರೆ.

ಸಂಜೆರಾಗ ಅವರೇ, ನೀವು ಕೇಳಿದ ಆ ಫಾಗಿ ಮೌಂಟನ್‌ನ ಶುರುವಿನಲ್ಲಿ ಮಾತ್ರ ಎರಡು ಮೊದಲು ಬರುತ್ತದೆ. ತಕ ತಕಿಟ ತಕಿಟ. ನಿಧಾನ ಮಾಡಿ ಕೇಳಿ, ಗೊತ್ತಾಗುತ್ತದೆ.

ಸಂಜೆರಾಗ, ಭಾನುವಾರ ಮಧ್ಯಾಹ್ನ 1:20

ಊಟ ಬಿಟ್ಟು ಅದನ್ನೇ ಕೇಳುತ್ತಿದ್ದೇನೆ. ಮನೆಯವರ ಬೈಗುಳ ನಿಮ್ಮ ಲೆಕ್ಕಕ್ಕೆ.

ನಿಧಾನ ಮಾಡಿ ಕೇಳಿದಾಗ ಇನ್ನೊಂದು ಸಿಕ್ಕಿತು. ಐದು ತಂತಿಯ ಶ್ರುತಿಯನ್ನು ನಮ್ಮ ಸ್ವರದಲ್ಲಿ ಬರೆದರೆ ಕೆಳಗಿನ ಪ, ಸ, ಅಂತರ ಗಾಂಧಾರ, ಪ. ಐದನೆಯದು ಗಿಡ್ಡ ತಂತಿ, ಕತ್ತಿನ ಅರ್ಧದಿಂದ ಶುರುವಾಗುತ್ತದೆ, ಅದು ಮೇಲಿನ ಸ. ಅಂದರೆ ನಮ್ಮ ವೀಣೆಯ ತಾಳದ ತಂತಿಯ ಹಾಗೇ! ನಾವು ಅದನ್ನು ಕಿರುಬೆರಳಲ್ಲಿ ತಾಳಕ್ಕೆ ತಕ್ಕಂತೆ ಆಗೊಮ್ಮೆ ಈಗೊಮ್ಮೆ ಮೀಟುತ್ತೇವೆ. ಅವರು ಹೆಬ್ಬೆರಳಲ್ಲಿ ರೋಲ್‌ನ ಒಳಗೇ ಸೇರಿಸಿಕೊಂಡುಬಿಟ್ಟಿದ್ದಾರೆ. ಷಡ್ಜ ಮೇಲುಗಡೆ ಮಿಣುಕುತ್ತಲೇ ಇರುತ್ತದೆ. ಶುರುವಿನಲ್ಲಿ ಎಡಗೈ ಬೆರಳು ಕುಟ್ಟಿ ಪ್ರತಿಮಧ್ಯಮದಿಂದ ಪಂಚಮಕ್ಕೆ ಹಾರುತ್ತಾರೆ, ಎರಡು ಸಲ. ಕಿವಿಗೆ ಸಿಕ್ಕಿಹಾಕಿಕೊಳ್ಳುವುದು ಅದೇ.

ಒಂದು ಅನುಮಾನ. ಮಧ್ಯೆ ಒಂದು ಕಡೆ ಗಿಟಾರಿಗೂ ಬ್ಯಾಂಜೋಗೂ ಹೊಂದುತ್ತಿಲ್ಲ ಅನಿಸಿತು. ನನ್ನ ಕಿವಿಯದೇ ತೊಂದರೆಯೋ?

ಹಳೇಟೇಪು, ಭಾನುವಾರ ಸಂಜೆ 4:45

ನಿಮ್ಮ ಕಿವಿಗೆ ಒಂದು ಶಾಲು ಹೊದಿಸಬೇಕು. 1949ರ ಡಿಸೆಂಬರ್‌ನಲ್ಲಿ ಸಿನ್ಸಿನಾಟಿಯಲ್ಲಿ ರೆಕಾರ್ಡ್ ಆದಾಗ ಅರ್ಲ್ ಆ ಜಾಗದಲ್ಲಿ 'E ಮೈನರ್' ಎಂಬ ಸ್ವರಗುಚ್ಛ ಹಿಡಿದರು, ಅವರ ಜೊತೆಗಾರ, ಗಿಟಾರಿನ ಲೆಸ್ಟರ್ ಫ್ಲಾಟ್ 'E ಮೇಜರ್' ಹಿಡಿದರು. ನಿಮ್ಮ ಭಾಷೆಯಲ್ಲಿ ಹೇಳಬೇಕಾದರೆ ಷಡ್ಜವೂ ಅದಕ್ಕೆ ಅಂಟಿಕೊಂಡ ಶುದ್ಧ ರಿಷಭವೂ ಒಟ್ಟಿಗೆ ಮೊಳಗುತ್ತವೆ. ತಿದ್ದಲಿಲ್ಲ, ಹಾಗೇ ಬಿಟ್ಟರು. ಇವತ್ತು ಆ ಘರ್ಷಣೆ ಇಲ್ಲದೆ ನುಡಿಸಿದರೆ ಏನೋ ಉಪ್ಪು ಕಡಿಮೆ ಅನಿಸುತ್ತದೆ.

ಸಿನಿಮಾದಲ್ಲಿ ಕೇಳಿದ್ದೂ ಆ 1949ರ ರೆಕಾರ್ಡೇ. ಆ ಸಿನಿಮಾದ ನಾಯಕ, ನಿರ್ಮಾಪಕ ವಾರನ್ ಬೇಟಿ ಹೊಸದಾಗಿ ಸಂಗೀತ ಮಾಡಿಕೊಡಿ ಅಂತ ಅರ್ಲ್‌ಗೆ ಫೋನ್ ಮಾಡಿದ್ದರು. ಕೊನೆಗೆ ಹದಿನೆಂಟು ವರ್ಷ ಹಳೆಯದನ್ನೇ ಹಾಕಿಕೊಂಡರು. ಅದಕ್ಕೆ ಗ್ರ್ಯಾಮಿ ಕೂಡ ಬಂತು.

ಮೂಲೆಮನೆ_ಸುಬ್ಬು, ಭಾನುವಾರ ರಾತ್ರಿ 8:10

ಎಲ್ಲ ಸರಿ. ಆದರೆ ಬ್ಲೂಗ್ರಾಸ್ ಅಂದರೆ ಬಿಲ್ ಮನ್ರೋ. ಹೆಸರು ಬಂದದ್ದೇ ಅವರ 'ಬ್ಲೂ ಗ್ರಾಸ್ ಬಾಯ್ಸ್' ತಂಡದಿಂದ. ಸ್ಕ್ರಗ್ಸ್ ಅಲ್ಲಿ ಎರಡು ವರ್ಷ ಚಿಲ್ಲರೆ ಇದ್ದು, ಹೆಸರು ಬಂದ ಮೇಲೆ ಫ್ಲಾಟ್ ಅವರನ್ನೂ ಸೇರಿಸಿಕೊಂಡು ಹೊರಗೆ ಹೋಗಿ ಅದೇ ಅಂಗಡಿ ಎದುರಿಗೆ ಇನ್ನೊಂದು ಅಂಗಡಿ ಹಾಕಿದರು. ನಮ್ಮಲ್ಲಾದರೆ ಇದಕ್ಕೆ ಗುರುದ್ರೋಹ ಅನ್ನುತ್ತಾರೆ. ಮನ್ರೋ ವರ್ಷಗಟ್ಟಲೆ ಅವರ ಜೊತೆ ಮಾತು ಬಿಟ್ಟದ್ದು ಸುಮ್ನೆ ಅಲ್ಲ.

ಹಳೇಟೇಪು, ಭಾನುವಾರ ರಾತ್ರಿ 9:40

ಸುಬ್ಬು ಅವರೇ, ಮನ್ರೋ ದೊಡ್ಡವರು, ಎರಡು ಮಾತಿಲ್ಲ. ಆದರೆ ಇಲ್ಲಿ ಗುರು ಅನ್ನುವ ಪದ ಹೊಂದುವುದಿಲ್ಲ. ಸ್ಕ್ರಗ್ಸ್ ಅಲ್ಲಿಗೆ ಹೋದಾಗ ಕೈ ಪೂರ್ತಿ ಪಳಗಿತ್ತು.

ಅದಕ್ಕೂ ಮೊದಲಿನದು ಕೇಳಿ. ಹದಿನೈದರ ಹುಡುಗನಾಗಿದ್ದಾಗ ಮಾರಿಸ್ ಬ್ರದರ್ಸ್ ಜೊತೆ ರೇಡಿಯೊದಲ್ಲಿ ನುಡಿಸಿದ್ದ. ಆಮೇಲೆ ಯುದ್ಧ. ಶೆಲ್ಬಿಯ ಲಿಲಿ ಮಿಲ್ ಎಂಬ ನೂಲಿನ ಗಿರಣಿಯಲ್ಲಿ ಗಂಟೆಗೆ 40 ಸೆಂಟ್ ಕೂಲಿಗೆ ದುಡಿದ. ಅಮ್ಮನನ್ನು ನೋಡಿಕೊಳ್ಳಬೇಕಿತ್ತು. 1945ರಲ್ಲಿ ನಾಕ್ಸ್‌ವಿಲ್‌ಗೆ ಬಂದು ಲಾಸ್ಟ್ ಜಾನ್ ಮಿಲ್ಲರ್ ತಂಡ ಸೇರಿದ. ಅದು ಮುರಿದಾಗ ಮನ್ರೋ ಕರೆದರು.

ಇಲ್ಲೊಂದು ತಮಾಷೆ ಇದೆ. ಮನ್ರೋ ತಂಡದಲ್ಲಿ ಅದುವರೆಗೆ ಬ್ಯಾಂಜೋ ಹಿಡಿದಿದ್ದವರು ಸ್ಟ್ರಿಂಗ್‌ಬೀನ್ ಎಂಬ ಹಾಸ್ಯಗಾರ. ಅವರು ಹೋದ ಮೇಲೆ ಫ್ಲಾಟ್‌ಗೆ ನೆಮ್ಮದಿ. ವೇಗದ ಹಾಡುಗಳಲ್ಲಿ ಬ್ಯಾಂಜೋ ಹಿಂದೆ ಬಿದ್ದು ಎಲ್ಲರನ್ನೂ ಎಳೆಯುತ್ತಿತ್ತು. ಹೊಸ ಹುಡುಗ ಬರುತ್ತಾನೆ ಅಂದಾಗ, ಬ್ಯಾಂಜೋ ಪೆಟ್ಟಿಗೆಯಲ್ಲೇ ಇದ್ದರೆ ಒಳ್ಳೆಯದು ಅಂದಿದ್ದರು. ಅರ್ಲ್ ನುಡಿಸಿ ತೋರಿಸಿದ ಮೇಲೆ ಅದೇ ಫ್ಲಾಟ್, ಎಷ್ಟಾದರೂ ಕೊಟ್ಟು ಈ ಹುಡುಗನನ್ನು ಇಟ್ಟುಕೊಳ್ಳಿ ಅಂದರು. ಹುಡುಗನಿಗೆ ಆಗ 21.

1945ರ ಡಿಸೆಂಬರ್‌ನಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ (ಶನಿವಾರ ರಾತ್ರಿ ರೇಡಿಯೊದಲ್ಲಿ ಪ್ರಸಾರವಾಗುವ ಕಂಟ್ರಿ ಸಂಗೀತ ಕಾರ್ಯಕ್ರಮ) ವೇದಿಕೆ ಹತ್ತಿದರು. ಮನ್ರೋ ಮ್ಯಾಂಡೊಲಿನ್, ಫ್ಲಾಟ್ ಗಿಟಾರ್, ಚಬ್ಬಿ ವೈಸ್ ಪಿಟೀಲು, ಹೊವರ್ಡ್ ವಾಟ್ಸ್ ಬಾಸ್, ಇವರ ಬ್ಯಾಂಜೋ. ಈ ಐವರು 1946 ಮತ್ತು 47ರಲ್ಲಿ ಮಾಡಿದ ರೆಕಾರ್ಡುಗಳೇ ಬ್ಲೂಗ್ರಾಸ್‌ನ ಅಚ್ಚು. ಮನ್ರೋ ತಂಡ 1939ರಿಂದಲೇ ಇತ್ತು. ಆದರೆ ನಾವು ಇವತ್ತು ಬ್ಲೂಗ್ರಾಸ್ ಅಂತ ಗುರುತಿಸುವ ಸದ್ದು ಬಂದದ್ದು ಅರ್ಲ್ ಬಂದ ಮೇಲೆ.

ಬಿಟ್ಟದ್ದು ಯಾಕೆ ಅಂದರೆ ಅಲೆದಾಟ. ವಾರವೆಲ್ಲ ಕಾರಿನಲ್ಲಿ ಮುದುಡಿಕೊಂಡು ಊರೂರು ಸುತ್ತುವುದು, ಟೆಂಟ್ ಹಾಕಿ ಪ್ರದರ್ಶನ ಕೊಡುವುದು, ಅದಕ್ಕೂ ಮುಂಚೆ ಊರಿನ ತಂಡದ ಜೊತೆ ಬೇಸ್‌ಬಾಲ್ ಆಡುವುದು (ಹೌದು, ಮನ್ರೋಗೆ ಅದೂ ಬೇಕಿತ್ತು), ಶನಿವಾರ ರಾತ್ರಿ ಹೇಗಾದರೂ ಮಾಡಿ ನ್ಯಾಶ್‌ವಿಲ್‌ಗೆ ವಾಪಸ್. 1948ರ ಶುರುವಿನಲ್ಲಿ ಅಮ್ಮನ ಹತ್ತಿರ ಹೋಗ್ತೀನಿ ಅಂತ ಬಿಟ್ಟರು. ಹಿಂದೆಯೇ ಫ್ಲಾಟ್ ಕೂಡ ಬಿಟ್ಟರು. ಸ್ವಲ್ಪ ದಿನದಲ್ಲೇ ಇಬ್ಬರೂ ಸೇರಿ 'ಫಾಗಿ ಮೌಂಟನ್ ಬಾಯ್ಸ್' ಕಟ್ಟಿದರು. ಮೊದಲೇ ಮಾತಾಡಿಕೊಂಡಿದ್ದರೋ ಇಲ್ಲವೋ, ಮನ್ರೋಗೆ ಮಾತ್ರ ಹಾಗೆ ಅನಿಸಿತು.

ಮೂಲೆಮನೆ_ಸುಬ್ಬು, ಭಾನುವಾರ ರಾತ್ರಿ 10:05

ಬೇಸ್‌ಬಾಲ್ ವಿಷಯ ಗೊತ್ತಿರಲಿಲ್ಲ. ಆಯ್ತು, 'ದ್ರೋಹ' ವಾಪಸ್ ತಗೋತೀನಿ. ಆದರೂ ಮನ್ರೋ ಜಾಗದಲ್ಲಿ ನಾನಿದ್ದರೆ ನಾನೂ ಮಾತು ಬಿಡುತ್ತಿದ್ದೆ.

ಹಳೇಟೇಪು, ಭಾನುವಾರ ರಾತ್ರಿ 10:20

ಬರೀ ಮಾತು ಬಿಟ್ಟಿದ್ದರೆ ಪರವಾಗಿರಲಿಲ್ಲ. ಇವರು ಆಪ್ರಿ ಸೇರದ ಹಾಗೆ ಅಡ್ಡ ನಿಂತರು. 1955ರಲ್ಲಿ ಇವರನ್ನು ಸೇರಿಸಿಕೊಂಡದ್ದು ಒಂದು ಹಿಟ್ಟಿನ ಕಂಪನಿಯ ಒತ್ತಾಯದಿಂದ. ಸುಳ್ಳಲ್ಲ. ಮಾರ್ಥಾ ವೈಟ್ ಅನ್ನುವ ಹಿಟ್ಟು 1953ರಿಂದ ಇವರ ರೇಡಿಯೊ ಕಾರ್ಯಕ್ರಮದ ಪ್ರಾಯೋಜಕ. ಬೆಳಗಿನ ಜಾವ 5:45ಕ್ಕೆ ಪ್ರಸಾರ. ಜನ ಹಾಲು ಕರೆಯುವ ಹೊತ್ತಿಗೆ ಇವರ ಹಾಡು, ಹಿಟ್ಟಿನ ಜಾಹೀರಾತು. 1962ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಕಛೇರಿ ಮಾಡಿದಾಗ ಸಭಿಕರು ಕೂಗಿ ಕೂಗಿ ಕೇಳಿದ್ದು ಏನನ್ನು ಗೊತ್ತಾ? ಆ ಹಿಟ್ಟಿನ ಹಾಡನ್ನು! ಇವರೂ ಹಾಡಿದರು.

ಷಾರ್ಲೆಟ್_ಶಿವಮೊಗ್ಗ, ಸೋಮವಾರ ಬೆಳಗ್ಗೆ 6:30

ತಡವಾಗಿ ಬಂದೆ. ಇಲ್ಲಿ ಇನ್ನೂ ಭಾನುವಾರ ರಾತ್ರಿ. ಶೆಲ್ಬಿ ನಮ್ಮ ಮನೆಯಿಂದ ಪಶ್ಚಿಮಕ್ಕೆ ಒಂದು ಗಂಟೆ ದಾರಿ. ಹೋದ ವರ್ಷ ಅತ್ತೆ ಊರಿಂದ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ಪಟ್ಟಣದ ನಡುವೆ ಹಳೇ ಕೋರ್ಟ್ ಕಟ್ಟಡ, ಮೇಲೊಂದು ಗುಮ್ಮಟ. 2014ರಿಂದ ಅದೇ ಅರ್ಲ್ ಸ್ಕ್ರಗ್ಸ್ ಸೆಂಟರ್. ಅತ್ತೆ ಹೊರಗಿಂದ ನೋಡಿ 'ಇದು ನಮ್ಮ ತಾಲೂಕು ಕಚೇರಿ ಥರ ಇದೆಯಲ್ಲೇ' ಅಂದರು.

ಒಳಗೆ ಬ್ಯಾಂಜೋಗಳು, ಹತ್ತಿ ಗದ್ದೆಗಳ ಫೋಟೋ, ಗಿರಣಿಯ ಕಥೆ ಎಲ್ಲಾ ಇದೆ. ಆ ಸೀಮೆ ಆಗ ಪೂರ್ತಿ ಹತ್ತಿ ಮತ್ತು ನೂಲು. ಹೆಡ್‌ಫೋನ್ ಹಾಕಿ ಅತ್ತೆಗೆ ಕೇಳಿಸಿದೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಅಂದರು: 'ಹಂಚಿನ ಮೇಲೆ ಮಳೆ ಹಿಡಿದ ಹಾಗಿದೆ. ಒಂದೊಂದು ಹನಿನೂ ಬೇರೆ ಬೇರೆ ಕೇಳುತ್ತೆ.' ಆಗುಂಬೆ ಹತ್ತಿರದವರು ಅವರು. ಮಳೆ ವಿಷಯದಲ್ಲಿ ಅವರ ಮಾತು ಕೊನೆಯದು.

ಅಂದ ಹಾಗೆ, ನೀವೆಲ್ಲ ಗಂಡಸರ ಜಗಳವನ್ನೇ ಹೇಳುತ್ತಿದ್ದೀರಿ. ಲೂಯಿಸ್ ಎಲ್ಲಿ?

ಹಳೇಟೇಪು, ಸೋಮವಾರ ಬೆಳಗ್ಗೆ 8:15

ಮೇಡಂ, ಕಿವಿ ಹಿಂಡಿದಿರಿ. ಒಪ್ಪಿದೆ. ನೀವೇ ಹೇಳಿ.

ಷಾರ್ಲೆಟ್_ಶಿವಮೊಗ್ಗ, ಸೋಮವಾರ ಬೆಳಗ್ಗೆ 8:50

ಹೇಳ್ತೀನಿ. ಲೂಯಿಸ್ ಸರ್ಟನ್ ಟೆನ್ನೆಸಿಯ ಹುಡುಗಿ, ನ್ಯಾಶ್‌ವಿಲ್‌ನಲ್ಲಿ ಲೆಕ್ಕಪತ್ರದ ಕೆಲಸ. ಆಪ್ರಿಗೆ ಹೋದಾಗ ಪರಿಚಯ. 1948ರಲ್ಲಿ ಮದುವೆ. 1955ರ ಹೊತ್ತಿಗೆ ತಂಡದ ಕಾರ್ಯಕ್ರಮ ಗೊತ್ತುಮಾಡುವುದು, ಕರಾರು, ದುಡ್ಡು ಎಲ್ಲ ಅವರ ಕೈಗೆ ಬಂತು. ಆ ಕಾಲದ ನ್ಯಾಶ್‌ವಿಲ್‌ನಲ್ಲಿ ಹೆಂಗಸೊಬ್ಬಳು ಫೋನಿನಲ್ಲಿ ಕೂತು ಕಛೇರಿ ಕುದುರಿಸುವುದು ಇರಲೇ ಇಲ್ಲ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಅರ್ಲ್ ಅವರ ಅಮ್ಮನಿಗೆ ಹುಷಾರಿಲ್ಲ ಅಂತ ಮಕ್ಕಳನ್ನೂ ಕರೆದುಕೊಂಡು ರಾತ್ರಿ ಹೊರಟರು. ನಾಕ್ಸ್‌ವಿಲ್ ಹತ್ತಿರ ದೊಡ್ಡ ಅಪಘಾತ. ಅರ್ಲ್ ಸೊಂಟ ಜಜ್ಜಿಹೋಯಿತು. ತಿಂಗಳುಗಟ್ಟಲೆ ವೇದಿಕೆ ಇಲ್ಲ. ಆ ನೋವು ಜೀವನ ಪೂರ್ತಿ ಬಿಡಲಿಲ್ಲ.

ಲೂಯಿಸ್ ಮಾಡಿದ ದೊಡ್ಡ ಕೆಲಸ ಅಂದರೆ, ಇದು ಹಳ್ಳಿಯ ಶಾಲೆ, ಟೆಂಟ್, ಜಾತ್ರೆಗೆ ಮಾತ್ರ ಅಲ್ಲ ಅಂತ ಕಂಡುಕೊಂಡದ್ದು. ಕಾಲೇಜುಗಳು, ಜಾನಪದ ಉತ್ಸವಗಳು, ನಗರದ ಹುಡುಗರು, ಇವರ ಕಡೆ ತಂಡವನ್ನು ತಿರುಗಿಸಿದರು. ರೆಕಾರ್ಡಿನ ರಟ್ಟಿಗೂ ಥಾಮಸ್ ಬಿ. ಆಲನ್ ಅನ್ನುವ ಒಳ್ಳೆಯ ಚಿತ್ರಕಾರರಿಂದ ಬರೆಸಿದರು.

'ಬೆವರ್ಲಿ ಹಿಲ್‌ಬಿಲ್ಲೀಸ್' ಟೀವಿ ಧಾರಾವಾಹಿಗೆ ಸಂಗೀತ ಬೇಕು ಅಂತ ಕೇಳಿಕೊಂಡು ಬಂದಾಗ ಲೂಯಿಸ್ ಮೊದಲು ಆಗಲ್ಲ ಅಂದುಬಿಟ್ಟರು. ಹಳ್ಳಿಯವರನ್ನು ದಡ್ಡರು ಅಂತ ಆಡಿಕೊಳ್ಳುವ ಕಾರ್ಯಕ್ರಮ ಆಗಿರಬಹುದು ಅನ್ನುವ ಅನುಮಾನ. ಮೊದಲ ಕಂತು ತೋರಿಸಿದ ಮೇಲೆ ಒಪ್ಪಿದರು. ಆ ಶೀರ್ಷಿಕೆ ಹಾಡು 1963ರ ಜನವರಿಯಲ್ಲಿ ಕಂಟ್ರಿ ಸಂಗೀತದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಬ್ಲೂಗ್ರಾಸ್‌ನ ಯಾವ ಹಾಡೂ ಅದಕ್ಕೆ ಮೊದಲು ಅಲ್ಲಿಗೆ ಹೋಗಿರಲಿಲ್ಲ. ಅದನ್ನು ಟೀವಿಯಲ್ಲಿ ಕೇಳಿ ತಲೆಕೆಟ್ಟ ಒಬ್ಬ ಪುಟ್ಟ ಹುಡುಗ ನ್ಯೂಯಾರ್ಕ್‌ನಲ್ಲಿದ್ದ. ಹೆಸರು ಬೇಲಾ ಫ್ಲೆಕ್.

ಲಯಪ್ರಿಯ, ಸೋಮವಾರ ಮಧ್ಯಾಹ್ನ 12:30

ಬೇಲಾ ಫ್ಲೆಕ್! ಜಾಕಿರ್ ಹುಸೇನ್, ಎಡ್ಗರ್ ಮೇಯರ್, ರಾಕೇಶ್ ಚೌರಾಸಿಯಾ ಜೊತೆ 2024ರಲ್ಲಿ ಗ್ರ್ಯಾಮಿ ತಗೊಂಡವರು. ನಾನು ಬ್ಯಾಂಜೋ ಮೊದಲು ಕೇಳಿದ್ದೇ ಜಾಕಿರ್ ಭಾಯಿ ಕಾರಣಕ್ಕೆ. ಅಂದರೆ ಆ ತಬಲಾ ಪಕ್ಕದಲ್ಲಿ ಕೂತ ಬ್ಯಾಂಜೋಗೆ ಮೂಲ ಫ್ಲಿಂಟ್ ಹಿಲ್‌ನ ಆ ನೆಲದ ಮೇಲಿನ ಮಗು. ಮೈ ಜುಂ ಅಂತು.

ಬೆಳಗಾವಿ_ಬೆಂಜೋ, ಸೋಮವಾರ ಮಧ್ಯಾಹ್ನ 2:10

ಈ ಥ್ರೆಡ್ ಓದಿ ಹುಚ್ಚು ಹಿಡಿದು ಶನಿವಾರ ರಾತ್ರಿಯೇ ಆನ್‌ಲೈನಲ್ಲಿ ಒಂದು ಬ್ಯಾಂಜೋ ಆರ್ಡರ್ ಮಾಡಿದೆನ್ರೀ. ಯಾವ ಅಂಗಡಿ ಅಂತ ಹೇಳೋದಿಲ್ಲ. ಇವತ್ತು ಬಂತು. ಎಣಿಸಿದರೆ ನಾಲ್ಕೇ ತಂತಿ! ಫೋನ್ ಮಾಡಿ ಒಂದು ತಂತಿ ಬಂದಿಲ್ಲ ಅಂದೆ. 'ಸರ್, ಚಿತ್ರದಲ್ಲೂ ನಾಲ್ಕೇ ಇದೆ, ನೋಡಿ' ಅಂದರು. ನೋಡಿದರೆ ಹೌದು. ಇದರಲ್ಲಿ ರೋಲ್ ಬರುತ್ತದೋ ಇಲ್ಲವೋ?

ಹಳೇಟೇಪು, ಸೋಮವಾರ ಸಂಜೆ 5:00

ಅದು ಟೆನರ್ ಬ್ಯಾಂಜೋ ಮಾರಾಯ. ಐರಿಶ್ ಹಾಡು, ಹಳೇ ಜಾಝ್‌ಗೆ ಸರಿ. ಹೆಬ್ಬೆರಳಿಗೆ ಆ ಗಿಡ್ಡ ತಂತಿ ಇಲ್ಲದೆ ಸ್ಕ್ರಗ್ಸ್ ರೋಲ್ ಹೊರಡುವುದಿಲ್ಲ. ವಾಪಸ್ ಮಾಡಲು ಆಗುತ್ತದಾ ನೋಡು.

ತಂತಿ ಅಂದಾಗ ಅದನ್ನು ಬಿಗಿಸುವ ಬಿರಡೆಯ ವಿಷಯ ನೆನಪಾಯಿತು. ಸಂಜೆರಾಗ ಅವರಿಗೆ ಇಷ್ಟ ಆಗಬಹುದು. 1951ರ 'ಅರ್ಲ್ಸ್ ಬ್ರೇಕ್‌ಡೌನ್'ನಲ್ಲಿ ನುಡಿಸುತ್ತಾ ನುಡಿಸುತ್ತಾ ಬಿರಡೆಯನ್ನೇ ತಿರುಗಿಸಿ ಗಾಂಧಾರದ ತಂತಿಯನ್ನು ರಿಷಭಕ್ಕೆ ಇಳಿಸಿ, ಮತ್ತೆ ಮೇಲೆ ತರುತ್ತಾರೆ. ವೇದಿಕೆಯ ಮೇಲೆ, ಅಷ್ಟು ವೇಗದಲ್ಲಿ, ಬರೀ ಕಿವಿಯ ನಂಬಿಕೆ ಮೇಲೆ. ಆಮೇಲೆ ಅದು ಪ್ರತಿಸಲ ಸರಿಯಾದ ಜಾಗದಲ್ಲಿ ನಿಲ್ಲಲಿ ಅಂತ ಬ್ಯಾಂಜೋ ತಲೆಗೆ ತೂತು ಕೊರೆದು ತಾವೇ ಒಂದು ಉಪಾಯ ಮಾಡಿಕೊಂಡರು. ತಿರುಗಿಸಿದರೆ ತಂತಿಯನ್ನು ಒತ್ತುವ, ಬಿಡುವ ಸಣ್ಣ ಹೆಚ್ಚುವರಿ ಬಿರಡೆ. 1952ರ 'ಫ್ಲಿಂಟ್ ಹಿಲ್ ಸ್ಪೆಷಲ್' ಅದಕ್ಕೇ ಕಟ್ಟಿದ್ದು. ಇವತ್ತಿಗೂ ಅಂಗಡಿಯಲ್ಲಿ ಅದರ ಸುಧಾರಿಸಿದ ರೂಪ ಸಿಗುತ್ತದೆ.

ಸಂಜೆರಾಗ, ಸೋಮವಾರ ರಾತ್ರಿ 9:00

ಬಿರಡೆ ತಿರುಗಿಸಿ ಗಮಕ! ನಮ್ಮ ಮೇಷ್ಟ್ರು ಕೇಳಿದ್ದರೆ ವೀಣೆ ಕಿತ್ತುಕೊಂಡು ಮನೆಗೆ ಕಳಿಸುತ್ತಿದ್ದರು.

ಫ್ಲಾಟ್ ಜೊತೆ ಕೊನೆತನಕ ಇದ್ದರಾ?

ಹಳೇಟೇಪು, ಸೋಮವಾರ ರಾತ್ರಿ 10:30

ಇಲ್ಲ. 1969ರಲ್ಲಿ ಮುರಿಯಿತು. ಇದರಲ್ಲಿ ಯಾರನ್ನೂ ಬೈಯೋಕೆ ನನಗೆ ಮನಸ್ಸಿಲ್ಲ. ಅರವತ್ತರ ದಶಕದ ಕೊನೆಯಲ್ಲಿ ರೆಕಾರ್ಡ್ ಕಂಪನಿಯವರು ಇವರ ಕೈಲಿ ಬಾಬ್ ಡಿಲನ್ ಹಾಡುಗಳನ್ನು ಹಾಡಿಸತೊಡಗಿದರು. ಫ್ಲಾಟ್‌ಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಹಾಡಬೇಕಾದವರು ಅವರು ತಾನೇ. ಅರ್ಲ್‌ಗೆ ಮನೆಯಲ್ಲೇ ಬೆಳೆದ ಹುಡುಗರಿದ್ದರು, ಗ್ಯಾರಿ, ರ‍್ಯಾಂಡಿ, ಸ್ಟೀವ್. ಅವರ ಜೊತೆ ಹೊಸದನ್ನು ನುಡಿಸುವ ಹಂಬಲ. ಇಬ್ಬರದೂ ಸರಿ, ಆದರೆ ಒಂದೇ ಮೈಕಿನ ಮುಂದೆ ನಿಲ್ಲೋಕೆ ಆಗಲಿಲ್ಲ. ಫ್ಲಾಟ್ 'ನ್ಯಾಶ್‌ವಿಲ್ ಗ್ರಾಸ್' ಕಟ್ಟಿಕೊಂಡು ಹಳೆಯದನ್ನೇ ಮುಂದುವರಿಸಿದರು. ಅರ್ಲ್ ಮಕ್ಕಳ ಜೊತೆ 'ಅರ್ಲ್ ಸ್ಕ್ರಗ್ಸ್ ರೆವ್ಯೂ' ಕಟ್ಟಿದರು. ಡ್ರಮ್ಸ್, ಎಲೆಕ್ಟ್ರಿಕ್ ಗಿಟಾರ್ ಎಲ್ಲ ಬಂತು.

ಹಳೇ ಅಭಿಮಾನಿಗಳು ಹಲ್ಲು ಕಡಿದರು. ಪ್ರಾಮಾಣಿಕವಾಗಿ ಹೇಳಬೇಕಾದರೆ ರೆವ್ಯೂ ಕಾಲದ್ದು ನನಗೂ ಎಲ್ಲಾ ಹಿಡಿಸುವುದಿಲ್ಲ. ಕೆಲವು ಕಡೆ ಬ್ಯಾಂಜೋವನ್ನೇ ಹುಡುಕಬೇಕು. ಆದರೆ ಆ ವರ್ಷ ನವೆಂಬರ್ 15ರಂದು ವಾಷಿಂಗ್ಟನ್‌ನಲ್ಲಿ ವಿಯೆಟ್ನಾಂ ಯುದ್ಧ ನಿಲ್ಲಿಸಿ ಅಂತ ಲಕ್ಷಗಟ್ಟಲೆ ಜನ ಸೇರಿದಾಗ ಇವರು ಅಲ್ಲಿ ಹೋಗಿ ನುಡಿಸಿದರು. ನ್ಯಾಶ್‌ವಿಲ್‌ನ ಕಂಟ್ರಿ ಸಂಗೀತಗಾರರಲ್ಲಿ ಹಾಗೆ ಮಾಡಿದವರು ತೀರಾ ಅಪರೂಪ. ಮಾತು ಕಡಿಮೆ ಆಡುವ ಮನುಷ್ಯ. ಭಾಷಣ ಬಿಗಿಯುವ ಜಾಯಮಾನವೇ ಅಲ್ಲ. ಹೋಗಬೇಕು ಅನಿಸಿತು, ಹೋದರು.

ಇನ್ನೊಂದು ಹುಚ್ಚು, ವಿಮಾನ. ತಾವೇ ಸಣ್ಣ ವಿಮಾನ ಓಡಿಸುತ್ತಿದ್ದರು. 1975ರಲ್ಲಿ ಕಾರ್ಯಕ್ರಮ ಮುಗಿಸಿ ರಾತ್ರಿ ಒಬ್ಬರೇ ಬರುವಾಗ ನ್ಯಾಶ್‌ವಿಲ್ ಹತ್ತಿರ ಮಂಜಿನಲ್ಲಿ ರನ್‌ವೇ ದಾಟಿ ಉರುಳಿತು. ಮೂಳೆ ಮುರಿದುಕೊಂಡು ಬೆಳಗಿನವರೆಗೆ ಹೊರಗೇ ಬಿದ್ದಿದ್ದರು. ಬದುಕಿದರು.

ಮೂಲೆಮನೆ_ಸುಬ್ಬು, ಮಂಗಳವಾರ ಬೆಳಗ್ಗೆ 7:40

ಮನ್ರೋ ಕೊನೆಗಾದರೂ ಮಾತಾಡಿದರಾ? ಅದೊಂದು ಹೇಳಿಬಿಡಿ, ರಾತ್ರಿಯಿಂದ ತಲೆಯಲ್ಲಿ ಕೊರೆಯುತ್ತಿದೆ.

ಹಳೇಟೇಪು, ಮಂಗಳವಾರ ಬೆಳಗ್ಗೆ 9:10

ಫ್ಲಾಟ್ ಜೊತೆ 1971ರಲ್ಲಿ, ಇಂಡಿಯಾನಾದ ಬೀನ್ ಬ್ಲಾಸಮ್‌ನಲ್ಲಿ. ಅದು ಮನ್ರೋ ಅವರದೇ ಉತ್ಸವ. ವೇದಿಕೆ ಮೇಲೆ ಕೈ ಕುಲುಕಿದರು. ಇಪ್ಪತ್ತಮೂರು ವರ್ಷ ಆಗಿತ್ತು. 1991ರಲ್ಲಿ ಬ್ಲೂಗ್ರಾಸ್‌ನವರು ತಮ್ಮ ಗೌರವ ಸಭಾಂಗಣ ಶುರು ಮಾಡಿದಾಗ ಮೊದಲ ಮೂರು ಹೆಸರು ಮನ್ರೋ, ಫ್ಲಾಟ್, ಸ್ಕ್ರಗ್ಸ್. ಅಷ್ಟು ಹೊತ್ತಿಗೆ ಫ್ಲಾಟ್ ಇರಲಿಲ್ಲ. 1979ರ ಮೇ ತಿಂಗಳಲ್ಲಿ ಹೋಗಿದ್ದರು. ಹತ್ತು ವರ್ಷ ಬೇರೆ ಇದ್ದ ಮೇಲೂ ಅರ್ಲ್ ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದಿದ್ದರು.

ಷಾರ್ಲೆಟ್_ಶಿವಮೊಗ್ಗ, ಮಂಗಳವಾರ ಬೆಳಗ್ಗೆ 9:35

ಕೊನೆಯ ಭಾಗ ನಾನು ಸೇರಿಸ್ತೀನಿ. ಎಂಬತ್ತರ ದಶಕದಿಂದ ಬೆನ್ನು, ಸೊಂಟದ ನೋವಿಗೆ ಅರ್ಲ್ ಹೆಚ್ಚು ಕಡಿಮೆ ಮನೆಯಲ್ಲೇ ಉಳಿದರು. 1992ರಲ್ಲಿ ಕಿರಿಯ ಮಗ ಸ್ಟೀವ್ ಹೋದ. ಮತ್ತೆ ವೇದಿಕೆಗೆ ತಂದದ್ದು ಲೂಯಿಸ್ ಮತ್ತು ಉಳಿದ ಮಕ್ಕಳು. 2001ರಲ್ಲಿ ಗೆಳೆಯರನ್ನು ಸೇರಿಸಿ ಆಲ್ಬಂ ಮಾಡಿದರು. ನಟ ಸ್ಟೀವ್ ಮಾರ್ಟಿನ್ ಎರಡನೇ ಬ್ಯಾಂಜೋ ಹಿಡಿದು ಜೊತೆಗೂಡಿದರು. ಅದೇ ಫಾಗಿ ಮೌಂಟನ್‌ಗೆ ಎರಡನೇ ಸಲ ಗ್ರ್ಯಾಮಿ! ಆಗ ಅರ್ಲ್‌ಗೆ 78. ಲೂಯಿಸ್ 2006ರಲ್ಲಿ ತೀರಿಕೊಂಡರು. ಅರ್ಲ್ 2012ರ ಮಾರ್ಚ್ 28ಕ್ಕೆ, 88ನೇ ವಯಸ್ಸಿನಲ್ಲಿ. ಅಂತಿಮ ವಿದಾಯ ನಡೆದದ್ದು ನ್ಯಾಶ್‌ವಿಲ್‌ನ ರೈಮನ್ ಸಭಾಂಗಣದಲ್ಲಿ. 1945ರಲ್ಲಿ ಮನ್ರೋ ಪಕ್ಕ ನಿಂತು ಮೊದಲು ನುಡಿಸಿದ ಅದೇ ವೇದಿಕೆ.

ಬೆಳಗಾವಿ_ಬೆಂಜೋ, ಮಂಗಳವಾರ ಸಂಜೆ 6:15

ಬ್ಯಾಂಜೋ ವಾಪಸ್ ತಗೊಳ್ಳಲಿಲ್ಲ. ಇರಲಿ ಬಿಡಿ. ನಾಲ್ಕು ತಂತಿಗೇ ಗಣಪತಿ ಹಾಡು ಕಲಿಯುತ್ತಿದ್ದೇನೆ.

ಸಂಜೆರಾಗ, ಬುಧವಾರ ರಾತ್ರಿ 8:50

ಎಲ್ಲರಿಗೂ ಥ್ಯಾಂಕ್ಸ್. ವೀಣೆಯ ಧೂಳು ಒರೆಸಿದೆ. ಒಂದು ತಂತಿ ತುಕ್ಕು ಹಿಡಿದಿತ್ತು, ಬದಲಾಯಿಸಿದೆ.

ಇವತ್ತು ಸಂಜೆ ತಮ್ಮ ಮನೆಗೆ ಬಂದಿದ್ದ. ಅವನೂ ಚಿಕ್ಕಂದಿನಲ್ಲಿ ನನ್ನ ಜೊತೆ ಪಾಠಕ್ಕೆ ಬರುತ್ತಿದ್ದವನು. ವೀಣೆ ಹೊತ್ತುಕೊಂಡು ಮನೆ ಸುತ್ತೋಕೆ ಆಗಲ್ಲ, ಹಾಗಾಗಿ ಬಾಯಲ್ಲಿ. ತುಳಸಿಕಟ್ಟೆ ಮುಂದೆ ಬೆನ್ನಿಗೆ ಬೆನ್ನು ನಿಂತು ಸರಳೆ ವರಸೆ ಎರಡನೇ ಕಾಲದಲ್ಲಿ ಶುರು ಮಾಡಿದೆವು. ಅವನು ಬಚ್ಚಲ ಕಡೆಯಿಂದ, ನಾನು ಗೇಟಿನ ಕಡೆಯಿಂದ. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸಿಕ್ಕಾಗ ಅವನು ಇಳಿಯುತ್ತಾ ಮಧ್ಯಮದಲ್ಲಿದ್ದ, ನಾನು ಇನ್ನೂ ಹತ್ತುತ್ತಾ ಧೈವತದಲ್ಲಿದ್ದೆ. ಯಾರು ಓಡಿದ್ದು, ಯಾರು ಎಳೆದದ್ದು ಅಂತ ಅಲ್ಲೇ ಜಗಳ ಶುರುವಾಯಿತು.

ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ನೋಡುತ್ತಿದ್ದರು. ನಾಳೆ ಮತ್ತೆ ಪ್ರಯತ್ನ ಮಾಡ್ತೀವಿ, ಒಂದನೇ ಕಾಲದಲ್ಲಿ.